ಇಂಗ್ಲಿಷಿನ ಕ್ರಿಯಾಪದಗಳೂ ಯಡ್ರಾಮಿಯ ಮಾಸ್ತರರೂ

ಪರಭಾಷೆಯನ್ನು ಕಲಿಯಹೊರಟವನಿಗೆ ನಾಮಪದಗಳು ಅಷ್ಟಾಗಿ ತೊಂದರೆ ಕೊಡುವದಿಲ್ಲ. ಕಲ್ಲು, ನೀರು, ಎತ್ತು, ಬಂಡಿ ಮೊದಲಾದವು ಕಣ್ಣೆದುರಿಗೆ ಇರತಕ್ಕ ವಸ್ತುಗಳು; ಬೆರಳು ಮಾಡಿ ತೋರಿಸಿ ಹೆಸರು ಕೇಳಿಕೊಂಡರೆ ಕೆಲಸ ತೀರಿತು. ಕ್ರಿಯಾಪದಗಳ ಸಂಗತಿ ಹಾಗಲ್ಲ. ಲೋಕದಲ್ಲಿ ನಡೆಯುವ ವ್ಯಾಪಾರಗಳಿಗೆ ತಮ್ಮಷ್ಟಕ್ಕೆ ತಾವೇ ಎಲ್ಲೆಕಟ್ಟುಗಳಿಲ್ಲ. ಒಂದು ಕೆಲಸ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದನ್ನು ಆಯಾ ಭಾಷೆಯನ್ನಾಡುವ ಜನರೇ ಗೊತ್ತು ಮಾಡಿಕೊಂಡಿರುವರು. ಊರಿಂದೂರಿಗೆ ಹೊಲದ ಬಾಂದುಗಲ್ಲುಗಳು ಬೇರೆ ಬೇರೆಯಾಗಿರುವಂತೆ ಭಾಷೆಯಿಂದ ಭಾಷೆಗೆ ಈ ಎಲ್ಲೆಗಳೂ ಬೇರೆಯಾಗಿರುವವು. ತನ್ನ ಊರಿನ ಬಾಂದುಗಲ್ಲನ್ನು ನೆನೆದು ಪರವೂರಿನ ಹೊಲದಲ್ಲಿ ನೇಗಿಲು ಹೂಡಿದವನು ನೆರೆಯವನ ಭೂಮಿಯಲ್ಲಿ ಕಾಲಿಡುವದು ಸಹಜವಷ್ಟೆ. ಇಂಗ್ಲಿಷಿನ ಕ್ರಿಯಾಪದಗಳಲ್ಲಿ ಕನ್ನಡ ಮಕ್ಕಳು ಮಾಡತಕ್ಕ ತಪ್ಪುಗಳು ಬಹುಮಟ್ಟಿಗೆ ಇಂಥವೇ ಆಗಿರುತ್ತವೆ.

ಕಲಬುರಗಿ ಜಿಲ್ಲೆಯ ಯಡ್ರಾಮಿಯು ಬಹುಕಾಲ ಜೇವರ್ಗಿ ತಾಲೂಕಿಗೆ ಸೇರಿದ್ದು, 2017ರ ರಾಜ್ಯದ ಆಯವ್ಯಯದಲ್ಲಿ ಸಾರಿದ ಹೊಸ ತಾಲೂಕುಗಳ ಯಾದಿಯಲ್ಲಿ ಬಂದು ತಾನೇ ತಾಲೂಕಿನ ಸ್ಥಳವಾಯಿತು. ಎರೆಭೂಮಿ, ಜೋಳ, ತೊಗರಿ, ಮಳೆಯ ದಾರಿ ಕಾಯುವ ಒಕ್ಕಲುತನ ಇವು ಅಲ್ಲಿಯ ಬಾಳುವೆ. ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ 2007-08ರಿಂದ ಮೊದಲನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ವಿಷಯವಾಗಿ ಬಂದಿರುವದರಿಂದ, ಹೊಲದಿಂದ ಬಂದ ತಾಯಿಯ ಸೆರಗು ಹಿಡಿದು ನಿಲ್ಲುವ ವಯಸ್ಸಿನ ಮಗುವಿಗೂ ಈಗ ಆ ಭಾಷೆಯ ಸಹವಾಸ ತಪ್ಪಿದ್ದಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಯು ರಾಜ್ಯದ ಜಿಲ್ಲೆಗಳಲ್ಲೆಲ್ಲ ಕೊನೆಗೆ ನಿಂತಿತು. ಇದಕ್ಕೆ ಕಾರಣಗಳು ಹಲವು. ಇಂಗ್ಲಿಷೊಂದರ ಮೇಲೆಯೇ ಭಾರ ಹೊರಿಸುವದು ನ್ಯಾಯವಲ್ಲ. ಆದರೂ ಆ ಭಾಷೆಯ ಗಂಟೆಯಲ್ಲಿ ಮಕ್ಕಳು ತಲೆ ತಗ್ಗಿಸಿ ಕೂಡುವದು ಮನೆಮನೆಯವರೂ ಬಲ್ಲ ಸಂಗತಿ.

ಯಡ್ರಾಮಿಯ ಮಗ್ಗುಲಿನ ಹಳ್ಳಿಯೊಂದರಲ್ಲಿ ಒಬ್ಬ ಮಾಸ್ತರರು ಇದ್ದರು. ಅವರು ಅಕ್ಷರ ಕಲಿತದ್ದು ನಿಜಾಮರ ಆಳಿಕೆಯ ಕಡೆಯ ವರುಷಗಳಲ್ಲಿ. ಹೈದರಾಬಾದು ಸಂಸ್ಥಾನದಲ್ಲಿ ಮೊದಲು ಫಾರಸಿಯೂ 1880ರ ದಶಕದಿಂದ ಈಚೆಗೆ ಉರ್ದುವೂ ಆಡಳಿತದ ಭಾಷೆಗಳಾಗಿದ್ದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣವನ್ನೆಲ್ಲ ಉರ್ದುವಿನಲ್ಲಿಯೇ ಕೊಡುತ್ತ, ಇಂಗ್ಲಿಷನ್ನು ಕಡ್ಡಾಯದ ಭಾಷೆಯಾಗಿ ಇಟ್ಟುಕೊಂಡಿತ್ತು. ಹೀಗಾಗಿ ಆ ಸೀಮೆಯ ಹುಡುಗನು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಮೇಲಿನ ತರಗತಿಗೆ ಹೋದರೆ ಉರ್ದುವಿನ ಮುಖಾಂತರ ಇಂಗ್ಲಿಷು ಎಂದು ಮೂರು ಮೆಟ್ಟಿಲು ಹತ್ತಬೇಕಾಗಿತ್ತು. 1948ರ ಸಪ್ಟಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ತರುವಾಯ ಮಾಸ್ತರರ ಶಾಲೆ ಕನ್ನಡಕ್ಕೆ ತಿರುಗಿತು. 1956ರ ನವಂಬರ 1ರಂದು ಜಿಲ್ಲೆಯೇ ಕನ್ನಡ ನಾಡಿನಲ್ಲಿ ಕೂಡಿಕೊಂಡಿತು. ಮುಂದೆ ಅವರು ಮೂವತ್ತಕ್ಕೂ ಹೆಚ್ಚು ವರುಷ ಇಂಗ್ಲಿಷು ಕಲಿಸಿ ನಿವೃತ್ತರಾದರು. ಮೂರು ಭಾಷೆಗಳ ಬಾಗಿಲನ್ನು ತಟ್ಟಿ ಬಂದವರಾದ್ದರಿಂದ, ಮಕ್ಕಳು ತಪ್ಪಿದಾಗ ಎಲ್ಲಿಂದ ಕಾಲು ಜಾರಿತೆಂಬುದು ಅವರಿಗೆ ಹೊಳೆಯುತ್ತಿತ್ತು.

ಇಂಗ್ಲಿಷು ವ್ಯಾಕರಣದ ಪುಸ್ತಕಗಳಲ್ಲಿ ‘ಗೊಂದಲಕ್ಕೆ ಎಡೆಗೊಡುವ ಕ್ರಿಯಾಪದಗಳು’ ಎಂದು ಒಂದು ಪ್ರಕರಣ ಇದ್ದೇ ಇರುವದು. ಅದರಲ್ಲಿ ಮೊದಲನೆಯ ಮರ್ಯಾದೆ ‘ಲೈ’, ‘ಲೇ’ ಎಂಬ ಜೋಡಿಗೆ ಸಲ್ಲುವದು. ಬೆನ್ನಿಗೆ ‘ರೈಸ್’, ‘ರೇಜ್’ ಮತ್ತು ‘ಸಿಟ್’, ‘ಸೆಟ್’ ಬರುವವು. ಮಕ್ಕಳು ಇವನ್ನು ಮಗ್ಗಿಯಂತೆ ಉರುಹೊಡೆದು ಪರೀಕ್ಷೆಯ ದಿನ ಅದಲುಬದಲು ಮಾಡುವರು. ಮಾಸ್ತರರು ಉರುಹೊಡೆಸುತ್ತಿರಲಿಲ್ಲ. ಹಲಗೆಯ ಎಡಬದಿಗೆ ಮಲಗು, ಏಳು, ಕೂಡು, ಬೀಳು ಎಂದೂ, ಬಲಬದಿಗೆ ಮಲಗಿಸು, ಎಬ್ಬಿಸು, ಕೂಡಿಸು, ಬೀಳಿಸು ಎಂದೂ ಬರೆಯುತ್ತಿದ್ದರು. ಎಡಗಡೆಯದು ತಾನಾಗಿ ಮಾಡತಕ್ಕದ್ದು. ಬಲಗಡೆಯದು ಇನ್ನೊಬ್ಬರಿಂದ ಅಥವಾ ಇನ್ನೊಂದರಿಂದ ಮಾಡಿಸತಕ್ಕದ್ದು. ಕೂಸು ಮಲಗುವದು, ತಾಯಿ ಕೂಸನ್ನು ಮಲಗಿಸುವಳು. ಈ ಭೇದವನ್ನು ತಪ್ಪಿ ಆಡಿದ ಮಗುವನ್ನು ಯಡ್ರಾಮಿಯಲ್ಲಿ ಯಾರೂ ಕಂಡಿಲ್ಲ. ಇಷ್ಟು ಗಟ್ಟಿಯಾದ ಮೇಲೆ ಎಡಬದಿಗೆ ‘ಲೈ, ರೈಸ್, ಸಿಟ್, ಫಾಲ್’ ಎಂದೂ ಬಲಬದಿಗೆ ‘ಲೇ, ರೇಜ್, ಸೆಟ್, ಫೆಲ್’ ಎಂದೂ ಅವರು ಸೇರಿಸುವರು. ತರಗತಿಯಲ್ಲಿ ಉರ್ದು ಮನೆಮಾತಿನ ಮಕ್ಕಳೂ ಇರುತ್ತಿದ್ದರಾಗಿ, ಅವರ ಸಲುವಾಗಿ ‘ಲೇಟನಾ, ಲಿಟಾನಾ, ಉಠನಾ, ಉಠಾನಾ, ಬೈಠನಾ, ಬಿಠಾನಾ’ ಎಂಬ ಮೂರನೆಯ ಸಾಲೂ ಹಲಗೆಯ ಮೇಲೆ ಏರುತ್ತಿತ್ತು.

ಇದು ಮಕ್ಕಳನ್ನು ಒಲಿಸುವ ಉಪಾಯ ಮಾತ್ರವಲ್ಲ, ಭಾಷೆಯ ಇತಿಹಾಸಕ್ಕೂ ಒಪ್ಪುವ ಸಂಗತಿ. ಇಂಗ್ಲಿಷಿನ ಮೂಲವಾದ ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿ, ಕನ್ನಡದ ‘ಇಸು’ ಪ್ರತ್ಯಯದಂತೆಯೇ ಪ್ರೇರಣಾರ್ಥವನ್ನುಂಟುಮಾಡುವ ಒಂದು ಪ್ರತ್ಯಯವಿದ್ದಿತು. ಧಾತುವಿನ ಸ್ವರ ಬದಲಾಗಿ ಅದರ ಮುಂದೆ ‘ಯ’ಕಾರವುಳ್ಳ ಈ ಪ್ರತ್ಯಯ ಹತ್ತುತ್ತಿತ್ತು. ಕಾಲಾಂತರದಲ್ಲಿ ಪ್ರತ್ಯಯ ಸವೆದುಹೋಗಿ ಸ್ವರದ ವ್ಯತ್ಯಾಸವೊಂದೇ ಉಳಿಯಿತು. ‘ಡ್ರಿಂಕ್’ ಎಂದರೆ ಕುಡಿ, ‘ಡ್ರೆಂಚ್’ ಎಂದರೆ ಮೊದಲು ಕುಡಿಸು ಎಂದೇ ಅರ್ಥ. ಈಗ ಅದು ತೊಯಿಸು ಎಂಬಲ್ಲಿಗೆ ಬಂದು ನಿಂತಿದೆ. ಕನ್ನಡದಲ್ಲಿ ಪ್ರತ್ಯಯವು ಇಂದಿಗೂ ಜೀವಂತವಾಗಿರುವದರಿಂದ ಕಲಿ ಎಂಬುದನ್ನು ಬಲ್ಲವನಿಗೆ ಕಲಿಸು ಎಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ‘ಲರ್ನ್’, ‘ಟೀಚ್’ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮಾತುಗಳು. ಶೇಕ್ಸ್‌ಪಿಯರನ ಕಾಲದಲ್ಲಿ ‘ಲರ್ನ್’ ಎಂಬುದು ಕಲಿಸು ಎಂಬರ್ಥದಲ್ಲಿಯೂ ನಡೆಯುತ್ತಿತ್ತೆಂಬುದನ್ನು ನೆನೆದರೆ, ಇವೆರಡನ್ನು ಕಲಸುವ ಹುಡುಗನ ಮೇಲೆ ಸಿಟ್ಟು ಸ್ವಲ್ಪ ಇಳಿಯಬೇಕು.

ಜೋಡಿಗಳು ತಿಳಿದ ಮೇಲೂ ಒಂದು ಹೊಂಡ ಉಳಿಯುವದು. ‘ಲೈ’ ಎಂಬುದರ ಭೂತಕಾಲದ ರೂಪ ‘ಲೇ’. ಅದು ಮಲಗಿಸು ಅಥವಾ ಇಡು ಎಂಬ ಇನ್ನೊಂದು ಧಾತುವಿನ ವರ್ತಮಾನರೂಪದಂತೆಯೇ ಇರುವದು. ಆ ಇನ್ನೊಂದರ ಭೂತಕಾಲವೋ ‘ಲೇಡ್’. ‘ಫಾಲ್’ ಎಂಬುದರ ಭೂತರೂಪವಾದ ‘ಫೆಲ್’ ಕೂಡ ಮರವನ್ನು ಕಡಿದು ಕೆಡವು ಎಂಬ ಧಾತುವಿನೊಡನೆ ಹೀಗೆಯೇ ಡಿಕ್ಕಿ ಹೊಡೆಯುವದು. ಇದೇ ಮಾದರಿಯ ಮೂರನೆಯದು ‘ಫೌಂಡ್’: ‘ಫೈಂಡ್’ ಎಂಬುದರ ಭೂತಕಾಲವೂ ಅದೇ, ಸ್ಥಾಪಿಸು ಎಂಬರ್ಥದ ಧಾತುವೂ ಅದೇ. ಕಲಬುರಗಿಯ ವಿಶ್ವವಿದ್ಯಾನಿಲಯವು 1980ರಲ್ಲಿ ಸ್ಥಾಪಿತವಾಯಿತೆನ್ನುವಲ್ಲಿ ‘ಫೌಂಡೆಡ್’ ಎಂದು ಬರೆಯಬೇಕು. ‘ಫೌಂಡ್’ ಎಂದು ನಿಲ್ಲಿಸಿದರೆ, ಕಳೆದುಹೋದ ಎಮ್ಮೆ ಸಿಕ್ಕಂತೆ ವಿಶ್ವವಿದ್ಯಾನಿಲಯ ಎಲ್ಲಿಯೋ ಸಿಕ್ಕಿತೆಂದಾಗುವದು. ಮಾಸ್ತರರು ಈ ಎಮ್ಮೆಯ ಮಾತನ್ನು ವರುಷಕ್ಕೊಮ್ಮೆ ಹೇಳುತ್ತಿದ್ದರು. ವರುಷಕ್ಕೊಮ್ಮೆ ತರಗತಿ ನಗುತ್ತಿತ್ತು. ಆ ಬಳಿಕ ‘ಫೌಂಡೆಡ್’ ಯಾರಿಗೂ ತಪ್ಪುತ್ತಿರಲಿಲ್ಲ.

ಇಂಗ್ಲಿಷರು ತಾವಾದರೂ ಈ ಹೊಂಡಗಳಲ್ಲಿ ಬೀಳದವರೇನೂ ಅಲ್ಲ. ಲಾರ್ಡ್ ಬೈರನ್ನನು 1818ರಲ್ಲಿ ಪ್ರಕಟವಾದ ‘ಚೈಲ್ಡ್ ಹೆರಾಲ್ಡ್’ ಕಾವ್ಯದ ನಾಲ್ಕನೆಯ ಭಾಗದಲ್ಲಿ, ಪ್ರಾಸದ ಆಸೆಗೆ ‘ಲೈ’ ಎಂದಿರಬೇಕಾದಲ್ಲಿ ‘ಲೇ’ ಎಂದು ಇಟ್ಟಿರುವನು. ಅಂದಿನಿಂದ ವ್ಯಾಕರಣದವರು ಅದನ್ನು ಬೆರಳು ಮಾಡಿ ತೋರಿಸುತ್ತಲೇ ಬಂದಿರುವರು. 1926ರಲ್ಲಿ ಫೌಲರನು ಇಂಗ್ಲಿಷಿನ ಪ್ರಯೋಗಗಳ ಮೇಲೆ ಒಂದು ದೊಡ್ಡ ಕೋಶವನ್ನೇ ಬರೆಯಬೇಕಾಗಿ ಬಂದದ್ದು ಪರದೇಶದ ಮಕ್ಕಳ ಸಲುವಾಗಿ ಅಲ್ಲ, ಆ ಭಾಷೆಯನ್ನೇ ತಾಯಿಭಾಷೆಯಾಗಿ ಉಳ್ಳ ಪತ್ರಿಕೆಯವರೂ ಗ್ರಂಥಕಾರರೂ ತಪ್ಪುತ್ತಿದ್ದ ಸಲುವಾಗಿ.

ಇನ್ನೊಂದು ಬಗೆಯ ತಪ್ಪುಗಳಿಗೆ ಕನ್ನಡದ ಔದಾರ್ಯವೇ ಕಾರಣ. ಕನ್ನಡದ ‘ಕೇಳು’ ಎಂಬುದೊಂದೇ ಮಾತು ಇಂಗ್ಲಿಷಿನ ‘ಹಿಯರ್’, ‘ಲಿಸನ್’, ‘ಆಸ್ಕ್’ ಎಂಬ ಮೂರು ಮಾತುಗಳ ಕೆಲಸವನ್ನು ಮಾಡುವದು. ಗುಡುಗಿನ ಸಪ್ಪಳ ತಾನಾಗಿ ಕಿವಿಗೆ ಬಿದ್ದರೆ ಮೊದಲನೆಯದು. ಪುರಾಣಕ್ಕೆ ಮನಸ್ಸಿಟ್ಟು ಕಿವಿಗೊಟ್ಟರೆ ಎರಡನೆಯದು. ದಾರಿಯನ್ನು ವಿಚಾರಿಸಿದರೆ ಮೂರನೆಯದು. ‘ನೋಡು’ ಎಂಬುದು ಅದೇ ಮೇರೆಗೆ ‘ಸೀ’, ‘ಲುಕ್’, ‘ವಾಚ್’ ಎಂದು ಒಡೆಯುವದು: ಕಣ್ಣಿಗೆ ಬೀಳುವದು, ಕಣ್ಣು ಹೊರಳಿಸುವದು, ನಡೆಯುತ್ತಿರುವದನ್ನು ಕಾದು ನೋಡುವದು. ‘ಹೇಳು’ ಎಂಬುದು ‘ಸೇ’, ‘ಟೆಲ್’ ಎಂದಾಗುವದು. ಯಾರಿಗೆ ಎಂಬುದು ಕ್ರಿಯಾಪದದ ಬೆನ್ನಿಗೇ ಬರಬೇಕಾದರೆ ‘ಟೆಲ್’, ಆಡಿದ ಮಾತೇ ಮುಖ್ಯವಾದರೆ ‘ಸೇ’. ‘ಮಾಡು’ ಎಂಬುದರಲ್ಲಿ ಹೊಸದಾಗಿ ಒಂದು ವಸ್ತು ಹುಟ್ಟುವದಾದರೆ ಸಾಮಾನ್ಯವಾಗಿ ‘ಮೇಕ್’, ಕೆಲಸ ನಡೆಸುವದಷ್ಟೇ ಆದರೆ ‘ಡೂ’: ರೊಟ್ಟಿಗೆ ‘ಮೇಕ್’, ಲೆಕ್ಕಕ್ಕೆ ‘ಡೂ’. ಅಪವಾದಗಳಿಲ್ಲದ ನಿಯಮವಿದೆಂದು ಹೇಳಲಾಗದು. ತಪ್ಪು ಮಾಡುವಲ್ಲಿಯೂ ಇಂಗ್ಲಿಷಿನವರು ‘ಮೇಕ್’ ಎಂದೇ ಅನ್ನುವರು.

ಕಲಬುರಗಿಯ ಕಡೆಗೆ ‘ಹಚ್ಚು’ ಎಂಬ ಮಾತಿನ ಉದಾರತೆ ಇವೆಲ್ಲಕ್ಕೂ ಮಿಗಿಲಾದುದು. ದೀಪ ಹಚ್ಚುವರು, ಗೋಡೆಗೆ ಸುಣ್ಣ ಹಚ್ಚುವರು, ಗಾಯಕ್ಕೆ ಮುಲಾಮು ಹಚ್ಚುವರು, ಬದುವಿನಲ್ಲಿ ಗಿಡ ಹಚ್ಚುವರು, ಹುಡುಗನನ್ನು ಸಾಲಿಗೆ ಹಚ್ಚುವರು, ಆಳುಗಳನ್ನು ಕೆಲಸಕ್ಕೆ ಹಚ್ಚುವರು, ಈಚೆಗೆ ಫೋನನ್ನೂ ಹಚ್ಚುವರು. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು. ಮನೆಯಲ್ಲಿ ಒಂದೇ ಕೀಲಿಕೈಯಿಂದ ಏಳು ಬಾಗಿಲು ತೆಗೆಯುತ್ತಿದ್ದ ಮಗುವಿನ ಕೈಗೆ ಏಳು ಕೀಲಿಕೈಗಳ ಗೊಂಚಲು ಕೊಟ್ಟಂತಾಗುವದು. ಅದು ಗಾಬರಿಯಾಗಿ ‘ಪುಟ್’ ಎಂಬ ಒಂದನ್ನೇ ಎಲ್ಲ ಬಾಗಿಲುಗಳಿಗೂ ತುರುಕುವದು. ‘ಪುಟ್ ದಿ ಲೈಟ್’ ಎಂದ ಹುಡುಗನು ಬುದ್ಧಿಯಿಲ್ಲದವನಲ್ಲ. ತನ್ನ ಭಾಷೆಯ ನ್ಯಾಯವನ್ನು ನಂಬಿ ನಡೆದವನು.

ಆದರೆ ಈ ಸಂಕಟ ಒಂದೇ ಕಡೆಗೆ ಇರುವದೆಂದು ತಿಳಿಯಬಾರದು. ಇಂಗ್ಲಿಷಿನ ‘ವೇರ್’ ಎಂಬುದೊಂದೇ ಮಾತನ್ನು ತಂದವನು ಕನ್ನಡದ ಮನೆಯಲ್ಲಿ ಬಾಯಿ ಕಟ್ಟಿ ನಿಲ್ಲುವನು. ಸೀರೆಯನ್ನು ಉಡಬೇಕು, ಅಂಗಿಯನ್ನು ತೊಡಬೇಕು, ಹೂವನ್ನು ಮುಡಿಯಬೇಕು, ಕೆರವನ್ನು ಮೆಟ್ಟಬೇಕು, ರುಮಾಲನ್ನು ಸುತ್ತಬೇಕು. ‘ವಾಷ್’ ಎಂಬುದೂ ಹಾಗೆಯೇ. ಬಟ್ಟೆ ಒಗೆಯತಕ್ಕದ್ದು, ಪಾತ್ರೆ ತಿಕ್ಕತಕ್ಕದ್ದು, ಕೈಕಾಲು ತೊಳೆಯತಕ್ಕದ್ದು. ಹೂವನ್ನುಟ್ಟು ಸೀರೆ ಮುಡಿದ ಹೆಂಗಸಿನ ವರ್ಣನೆಯನ್ನು ಪರದೇಶದವನು ಮಾಡಿದರೆ ಊರವರು ನಕ್ಕಾರು, ಆದರೆ ಅವನ ಧೈರ್ಯವನ್ನು ಕೊಂಡಾಡಿಯಾರು. ಜರ್ಮನಿಯಿಂದ ಬಾಸೆಲ್ ಮಿಶನ್ನಿನ ಪರವಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನಾಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷು ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಎಂದರೆ ನಾಲ್ವತ್ತೊಂದು ವರುಷಗಳ ತರುವಾಯ. ಅಂಥ ಮಹಾಪಂಡಿತರಿಗೆ ಹಿಡಿದ ಕಾಲದ ಎದುರಿನಲ್ಲಿ, ಹತ್ತು ವರುಷದ ಶಾಲೆಯಲ್ಲಿ ವಾರಕ್ಕೆ ಕೆಲವು ಗಂಟೆ ಕಲಿತ ಮಗುವಿನಿಂದ ಎಷ್ಟನ್ನು ಬೇಡಬಹುದೆಂಬುದನ್ನು ವಾಚಕರೇ ಎಣಿಸಿ ನೋಡಬೇಕು.

ಕೆಲವು ಜೋಡಿಗಳ ವಿಷಯದಲ್ಲಂತೂ ಯಡ್ರಾಮಿಯ ಮಗುವಿಗೆ ಇಂಗ್ಲಿಷಿನ ಭೇದವು ತೊಟ್ಟಿಲಲ್ಲಿಯೇ ಬಂದಿರುತ್ತದೆ. ‘ಬ್ರಿಂಗ್’ ಎಂದರೆ ತಾ, ‘ಟೇಕ್’ ಎಂದರೆ ಒಯ್ಯಿ. ಬುತ್ತಿಯನ್ನು ಹೊಲಕ್ಕೆ ಒಯ್ಯುವರು, ಮೇವನ್ನು ಮನೆಗೆ ತರುವರು. ಮೈಸೂರಿನ ಕಡೆಗೆ ಬಳಕೆ ತಪ್ಪುತ್ತಿರುವ ‘ಒಯ್ಯು’ ಎಂಬ ಮಾತು ಈ ಸೀಮೆಯಲ್ಲಿ ಇನ್ನೂ ನಾಲಗೆಯ ಮೇಲಿರುವದು ಒಂದು ಭಾಗ್ಯ. ‘ಸ್ಟೀಲ್’, ‘ರಾಬ್’ ಎಂಬಲ್ಲಿಯೂ ಹಾಗೆಯೇ: ಕದಿಯುವದು ವಸ್ತುವನ್ನು, ಸುಲಿಯುವದು ದಾರಿಹೋಕನನ್ನು. ‘ಹ್ಯಾಂಗ್’ ಎಂಬುದಕ್ಕೆ ಎರಡು ಭೂತರೂಪಗಳಿದ್ದು, ಅಪರಾಧಿಯನ್ನು ಗಲ್ಲಿಗೇರಿಸಿದಲ್ಲಿ ‘ಹ್ಯಾಂಗ್ಡ್’ ಎಂದೂ ಗೂಟಕ್ಕೆ ಅಂಗಿಯನ್ನು ತೂಗಹಾಕಿದಲ್ಲಿ ‘ಹಂಗ್’ ಎಂದೂ ಹೇಳುವರು. ಕನ್ನಡದವನು ಅಂಗಿಯನ್ನು ಎಂದಾದರೂ ಗಲ್ಲಿಗೇರಿಸಿರುವನೇ? ಭೇದವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ತನಗೆ ತಿಳಿದಿದೆಯೆಂಬುದನ್ನು ತಿಳಿದರೆ ಸಾಕು.

ತಿಳಿಯದಿದ್ದರೆ ಏನು ನಷ್ಟವೆಂದು ಕೇಳುವವರಿಗೆ ಮಾಸ್ತರರು ಒಬ್ಬ ಹುಡುಗಿಯ ಸಂಗತಿಯನ್ನು ಹೇಳುತ್ತಿದ್ದರು. ಅವಳ ತಂದೆ ತೊಗರಿಯ ಬೆಳೆಗಾಗಿ ಬ್ಯಾಂಕೊಂದರಲ್ಲಿ ಐವತ್ತು ಸಾವಿರ ರೂಪಾಯಿ ಸಾಲ ತೆಗೆದಿದ್ದನು. ಆ ವರುಷ ಮಳೆ ಕೈಕೊಟ್ಟಿತು. ಮುದ್ದತು ಬೇಡಬೇಕಾಗಿ ಬಂತು. ಅಲ್ಲಿಯ ಅಧಿಕಾರಿಯು ಪರಪ್ರಾಂತದವನು, ಕನ್ನಡವನ್ನರಿಯನು. ಹತ್ತನೆಯ ತರಗತಿಯಲ್ಲಿದ್ದ ಮಗಳು ರಾತ್ರಿಯೆಲ್ಲ ಕೂತು ಇಂಗ್ಲಿಷಿನಲ್ಲಿ ಅರ್ಜಿ ಬರೆದಳು. ತನ್ನ ತಂದೆಯು ಬ್ಯಾಂಕಿಗೆ ಐವತ್ತು ಸಾವಿರ ರೂಪಾಯಿ ‘ಲೆಂಡ್’ ಮಾಡಿರುವನೆಂದು ಅದರಲ್ಲಿ ಬರೆದಿತ್ತು. ಅಧಿಕಾರಿಯು ಅದನ್ನು ಗಟ್ಟಿಯಾಗಿ ಓದಿ ನಕ್ಕನು, ಮಗ್ಗುಲಲ್ಲಿದ್ದವರೂ ನಕ್ಕರು. ಏನಾಯಿತೆಂದು ತಿಳಿಯದ ತಂದೆ, ದೊಡ್ಡವರು ನಗುತ್ತಿರುವರಲ್ಲಾ ಎಂದು ತಾನೂ ನಕ್ಕನು. ಹುಡುಗಿಗೆ ಸಹಿಸದೆ ಹೋದದ್ದು ಆ ಕಡೆಯ ನಗೆ. ಅಂದಿನಿಂದ ಅವಳು ಇಂಗ್ಲಿಷಿನ ಗಂಟೆಯಲ್ಲಿ ಬಾಯಿ ತೆರೆಯಲಿಲ್ಲ. ವಿಷಯ ಕಿವಿಗೆ ಬಿದ್ದು ಮಾಸ್ತರರು ಅವಳನ್ನು ಕರೆಸಿದರು.

“ತಂಗಿ, ನಿಮ್ಮಪ್ಪ ಬ್ಯಾಂಕಿನವರಿಗೆ ರೊಕ್ಕ ಕೊಟ್ಟಾನೋ, ಅವರ ಕಡಿಂದ ಇಸಕೊಂಡಾನೋ?”

“ಇಸಕೊಂಡಾನ್ರೀ ಸರ.”

“ನೆರಿಮನಿಯವರು ಕೈಗಡ ಬೇಡಿದರ ನಿಮ್ಮವ್ವ ಏನು ಮಾಡ್ತಾಳ?”

“ಇದ್ದರ ಕೊಡತಾಳ್ರೀ.”

“ಕೊಡೋದು ಲೆಂಡ್, ಇಸಕೊಳ್ಳೋದು ಬರೋ. ನಿನಗ ಗೊತ್ತಿಲ್ಲದ್ದು ಇದರಾಗ ಏನೈತಿ, ಹೇಳು.”

ಕನ್ನಡದಲ್ಲಿ ಸಾಲ ಎಂಬ ನಾಮಪದವೊಂದೇ ನಿಂತು, ಕೊಡುವದು ತೆಗೆದುಕೊಳ್ಳುವದು ಎಂಬ ಕ್ರಿಯೆಗಳು ಅದರ ಎರಡು ಮಗ್ಗುಲಿಗೆ ಬರುವವು. ಇಂಗ್ಲಿಷಿನಲ್ಲಿ ಸಾಲವೂ ಕೊಡುವಿಕೆಯೂ ಒಂದೇ ಮಾತಿನಲ್ಲಿ ಬೆರೆತು ‘ಲೆಂಡ್’ ಎಂದಾಗಿದೆ. ಸಾಲವೂ ಇಸಕೊಳ್ಳುವಿಕೆಯೂ ಬೆರೆತು ‘ಬರೋ’ ಎಂದಾಗಿದೆ. ಹುಡುಗಿಯು ಎರಡರಲ್ಲಿಯೂ ಸಾಲವನ್ನು ಕಂಡಳು, ದಿಕ್ಕನ್ನು ಕಾಣಲಿಲ್ಲ. ಅಷ್ಟೇ ಅವಳ ತಪ್ಪು. ಅವಳು ಅರ್ಜಿಯನ್ನು ತಿದ್ದಿ ತಾನೇ ಮತ್ತೆ ಬರೆದಳು, ತಾನೇ ಒಯ್ದು ಕೊಟ್ಟಳು. ಮುದ್ದತು ದೊರೆಯಿತು. ಮಳೆಯ ಕೊರತೆಯ ಲೆಕ್ಕದ ಮೇಲೆ ಅದು ಹೇಗಾದರೂ ದೊರೆಯತಕ್ಕದ್ದೇ ಆಗಿತ್ತೆಂದು ಮಾಸ್ತರರು ನಕ್ಕು ಹೇಳುವರು; ಆದರೆ ಆ ಹುಡುಗಿ ಮರುದಿನ ತರಗತಿಯಲ್ಲಿ ಎದ್ದುನಿಂತು ಪಾಠವನ್ನೋದಿದ್ದಕ್ಕೆ ಬ್ಯಾಂಕಿನ ಹಂಗಿರಲಿಲ್ಲ.

ಇಂಗ್ಲಿಷು ಬಾರದೆಂಬ ನಾಚಿಕೆಯು ಮಕ್ಕಳನ್ನು ಮೂಕರನ್ನಾಗಿ ಮಾಡುವದೇ ದೊಡ್ಡ ಹಾನಿ. ಪರೀಕ್ಷೆಯ ಅಂಕಗಳು ಅದರ ನೆರಳು ಮಾತ್ರ. ಈ ಮೌನವು ಈ ಜಿಲ್ಲೆಗೆ ಒಪ್ಪತಕ್ಕದ್ದೂ ಅಲ್ಲ. ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಮಾನ್ಯಖೇಟದ ಅರಸನಾದ ನೃಪತುಂಗನ ಆಸ್ಥಾನದಲ್ಲಿ; ಆ ಮಾನ್ಯಖೇಟವು ಇದೇ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡ. ಮಾತಿನ ಗುಣದೋಷಗಳನ್ನು ತೂಗಿ ನೋಡುವದನ್ನೇ ಆ ಗ್ರಂಥವು ತನ್ನ ಕೆಲಸವನ್ನಾಗಿ ಮಾಡಿಕೊಂಡಿದೆ. ನಾಡಿನ ಕನ್ನಡಗಳು ಹಲವೆಂಬುದನ್ನು ಅದು ಅರಿತಿದೆ. ಶಾಲೆಯ ಓದು ಇಲ್ಲದವರಲ್ಲಿಯೂ ಮಾತಿನ ಮರ್ಮ ಬಲ್ಲವರುಂಟೆಂದು ಮೆಚ್ಚಿಕೊಂಡಿದೆ. ಇಂಥ ನೆಲದ ಮಕ್ಕಳಿಗೆ ಪರಭಾಷೆಯ ಹತ್ತಾರು ಧಾತುಗಳು ಅಸಾಧ್ಯವೆಂದು ಹೇಳಿದರೆ ನಂಬತಕ್ಕವರಾರು?

ವಿದ್ಯಾವಂತರ ಮನೆಗಳಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮಗು ತಪ್ಪಿದಾಗ ಇಂಗ್ಲಿಷಿನ ನಿಯಮವನ್ನು ಕೂಡಲೇ ಒದರುವದಕ್ಕೆ ಮೊದಲು, ಅದೇ ಮಾತನ್ನು ಕನ್ನಡದಲ್ಲಿ ಆಡಿಸಬೇಕು. ಕೇಳು ಎಂದು ಬಂದರೆ, ತಾನಾಗಿ ಕೇಳಿತೋ, ಕಿವಿಗೊಟ್ಟು ಕೇಳಿದೆಯೋ, ಪ್ರಶ್ನೆ ಕೇಳಿದೆಯೋ ಎಂದು ವಿಚಾರಿಸಬೇಕು. ಏಳು ಎಂದರೆ, ಎದ್ದೆಯೋ ಎಬ್ಬಿಸಿದೆಯೋ ಎನ್ನಬೇಕು. ಉತ್ತರವು ಮಗುವಿನ ಬಾಯಿಂದಲೇ ಬಂದ ಮೇಲೆ ಅದಕ್ಕೆ ತಕ್ಕ ಇಂಗ್ಲಿಷು ಮಾತನ್ನು ಪಕ್ಕಕ್ಕೆ ಇಡಬೇಕು. ಈ ಪಾಠದ ಮುಕ್ಕಾಲು ಪಾಲಿಗೆ ಇಂಗ್ಲಿಷಿನ ಅವಶ್ಯಕತೆಯೇ ಇಲ್ಲ. ಒಂದಕ್ಷರ ಇಂಗ್ಲಿಷು ಬಾರದ ತಾಯಿಯೂ ಒಲೆಯ ಮುಂದೆ ಕೂತು, ಮಗಳು ಗಟ್ಟಿಯಾಗಿ ಓದುತ್ತಿರುವಾಗ, ರೊಟ್ಟಿ ತಟ್ಟುವ ಕೈಯನ್ನು ನಿಲ್ಲಿಸಿ, “ಕೊಟ್ಟಿಯೋ, ಇಸಕೊಂಡಿಯೋ?” ಎಂದು ಕೇಳಬಲ್ಲಳು.